ಮದಲೂರು ಕೆರೆಯಲ್ಲಿ ಇಳಿದ ವಿಮಾನ

ವಿಮಾನ ದುರಸ್ತಿಯ ಲೈಸೆನ್ಸ್ ಪರೀಕ್ಷೆ ಮುಗಿಸಿದ ಹುಡುಗ ಹುಡುಗಿಯರು ಈಗಲೂ ಆಗೊಮ್ಮೆ ಈಗೊಮ್ಮೆ ಫೋನ್ ಮಾಡುತ್ತಾರೆ. “ಸರ್, ದೊಡ್ಡ ಜೆಟ್ ಕಂಪನಿಗೆ ಹೋಗಲಾ, ಇಲ್ಲ ನಿಮ್ಮ ಹಾಗೆ ಸಣ್ಣ ವಿಮಾನ ಹಿಡಿಯಲಾ?” ಎಂದು ಕೇಳುತ್ತಾರೆ. ದೊಡ್ಡ ವಿಮಾನದ ಸುತ್ತ ಹತ್ತು ಜನ ಇರುತ್ತಾರೆ, ಸಣ್ಣದರ ಹತ್ತಿರ ನೀನೊಬ್ಬನೇ ಇರುತ್ತೀಯ ಎಂದಷ್ಟೇ ಹೇಳುತ್ತೇನೆ. ಅವರು ಅದನ್ನು ಕೆಲಸದ ಹೊರೆ ಎಂದುಕೊಂಡು, “ಪರವಾಗಿಲ್ಲ ಸರ್, ಕಷ್ಟಪಡ್ತೀನಿ” ಎನ್ನುತ್ತಾರೆ. ನಾನು ಹೇಳಿದ್ದು ಹೊರೆಯ ಮಾತಲ್ಲ. ಫೋನಿನಲ್ಲಿ ಬಿಡಿಸಿ ಹೇಳಲಾಗದ್ದನ್ನು ಈಗ ಬರೆದಿಡುತ್ತಿದ್ದೇನೆ.

ನನ್ನ ಹೆಸರು ರಶೀದ್, ಊರು ಶಿರಾ. ನಮ್ಮ ಅಬ್ಬಾ ಅಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದರು. ಬಿಚ್ಚಿದ ಮೋಟಾರುಗಳ ನಡುವೆ ಬೆಳೆದವನು ನಾನು. ವಿಮಾನ ದುರಸ್ತಿ ಓದಿ, ಬೆಂಗಳೂರಿನ ಹೊರಗೆ ಒಂದು ಸಣ್ಣ ರನ್‌ವೇ ಇಟ್ಟುಕೊಂಡಿದ್ದ ಬಾಡಿಗೆ ವಿಮಾನಗಳ ಕಂಪನಿಗೆ ಸೇರಿದೆ. ನಿವೃತ್ತಿಯವರೆಗೂ ಅಲ್ಲೇ ಇದ್ದೆ.

ನನ್ನ ಪಾಲಿಗೆ ಬಂದದ್ದು ಒಂದೇ ಎಂಜಿನ್ನಿನ ಟರ್ಬೊಪ್ರಾಪ್ ವಿಮಾನ. ಮೂಗಿನಲ್ಲಿ ಒಂದು ದೊಡ್ಡ ಫ್ಯಾನು, ಅದರ ಹಿಂದೆ ಜೆಟ್ಟಿನಲ್ಲಿರುವಂಥದೇ ಟರ್ಬೈನ್, ತಲೆಯ ಮೇಲೆ ರೆಕ್ಕೆ, ಒಳಗೆ ಮಡಚಿಕೊಳ್ಳದ ಮೂರು ಚಕ್ರ, ಪಕ್ಕದಲ್ಲಿ ಕಬ್ಬಿಣದ ಬೀರು ಸಲೀಸಾಗಿ ನುಗ್ಗುವಷ್ಟು ಅಗಲದ ಬಾಗಿಲು. ನೋಡಲು ಚಂದವೇನಲ್ಲ. ಆದರೆ ಯಾವ ಕೆಲಸಕ್ಕೂ ಇಲ್ಲವೆನ್ನುತ್ತಿರಲಿಲ್ಲ. ಸೋಮವಾರ ಸಕ್ಕರೆ ಕಾರ್ಖಾನೆಯ ಮಾಲೀಕರನ್ನು ಚರ್ಮದ ಸೀಟಿನಲ್ಲಿ ಕೂರಿಸಿಕೊಂಡು ಹೋದದ್ದು, ಬುಧವಾರ ಸೀಟು ಕಿತ್ತು ಸ್ಟ್ರೆಚರ್ ಹಾಕಿಕೊಂಡು ರೋಗಿಯನ್ನು ಕರೆತರುತ್ತಿತ್ತು. ಶುಕ್ರವಾರ ಅದೇ ಜಾಗದಲ್ಲಿ ಒಂದು ದಿನದ ಕೋಳಿಮರಿಗಳ ಪೆಟ್ಟಿಗೆಗಳು. ಶನಿವಾರವೆಲ್ಲ ನಾನು ನೆಲ ತೊಳೆಯುವುದು, ಸೋಮವಾರ ಮಾಲೀಕರು ಬಂದು ಮೂಗು ಮುರಿಯುವುದು.

ದೂರದ ಪ್ರಯಾಣಕ್ಕೆ ಎಂಜಿನಿಯರೂ ವಿಮಾನದ ಜೊತೆ ಹೋಗಬೇಕು. ಸಾಹೇಬರು ಇಳಿದು ಕಾರು ಹತ್ತುತ್ತಾರೆ, ಪೈಲಟ್ ಹೋಟೆಲಿಗೆ ಹೋಗುತ್ತಾರೆ. ನಾವು ರೆಕ್ಕೆಯ ನೆರಳಿನಲ್ಲಿ ಕೂರುತ್ತೇವೆ. ನೆರಳು ಸರಿದಂತೆ ನಾವೂ ಸರಿಯುತ್ತೇವೆ. ಹೆಸರು ಗೊತ್ತಿಲ್ಲದ ಎಷ್ಟೋ ಊರುಗಳಲ್ಲಿ ನಾನು ಕಂಡದ್ದು ಒಂದು ಟಾರು ಪಟ್ಟಿ, ಒಂದು ಬೇಲಿ, ಬೇಲಿಯಾಚೆ ಮೇಯುವ ದನ. ಒಮ್ಮೆ ಚಿಕಿತ್ಸೆಗೆ ಕರೆದುಕೊಂಡು ಬರುತ್ತಿದ್ದ ಮನುಷ್ಯ ದಾರಿಯಲ್ಲೇ ತೀರಿಕೊಂಡ. ಅವನ ಹೆಂಡತಿ, ನಾನು, ಒಬ್ಬ ನರ್ಸು ಮಾತ್ರ ಹಿಂದೆ ಇದ್ದೆವು. ಆ ಹೆಂಗಸು ಅಳಲಿಲ್ಲ. ಎಂಜಿನ್ ಸದ್ದಿನ ಮೇಲೆ ಕೂಗಿ ನನ್ನನ್ನು ಕೇಳಿದರು: “ಇನ್ನೂ ಎಷ್ಟು ಹೊತ್ತು?” ಗಡಿಯಾರ ನೋಡಿ ನಲವತ್ತು ನಿಮಿಷ ಎಂದೆ. ಅದಕ್ಕಿಂತ ಉದ್ದದ ನಲವತ್ತು ನಿಮಿಷವನ್ನು ನಾನು ಕಂಡಿಲ್ಲ. ಈ ಕೆಲಸದಲ್ಲಿ ಇಂಥದ್ದಕ್ಕೆಲ್ಲ ಯಾವ ಪುಸ್ತಕದಲ್ಲೂ ಪಾಠವಿಲ್ಲ.

ನನಗೆ ಕೆಲಸ ಕಲಿಸಿದವರು ಚೀಫ್ ಎಂಜಿನಿಯರ್ ಮೂರ್ತಿ ಸರ್. ಬಿಳಿ ಅಂಗಿ, ಮುಖದಲ್ಲಿ ನಗುವಿಲ್ಲ. ಎಂಜಿನ್ನಿನ ಆಯಿಲ್ಲನ್ನು ಎರಡು ಬೆರಳ ನಡುವೆ ಉಜ್ಜಿ, ಮೂಸಿ, “ಬೇರಿಂಗ್ ಸವೀತಿದೆ, ಬಿಚ್ಚು” ಎನ್ನುತ್ತಿದ್ದರು. ಬಿಚ್ಚಿದರೆ ಸವೆದೇ ಇರುತ್ತಿತ್ತು. ಆಗ ಪ್ರತಿ ಹಾರಾಟದ ಉಷ್ಣಾಂಶ, ಒತ್ತಡ ಎಲ್ಲವನ್ನೂ ಪೈಲಟ್ ಕೈಯಲ್ಲಿ ಬರೆದು ಕೊಡಬೇಕಿತ್ತು, ನಾವು ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಇಡುತ್ತಿದ್ದೆವು. ಈಗ ವಿಮಾನ ನಿಂತ ತಕ್ಷಣ ಎಂಜಿನ್ನೇ ತನ್ನ ಲೆಕ್ಕವನ್ನು ಕಂಪ್ಯೂಟರಿಗೆ ಕಳಿಸುತ್ತದೆ. ಒಳ್ಳೆಯದೇ ಆಯಿತು. ಆದರೆ ಮುಚ್ಚಳ ಮುಚ್ಚುವುದು ಇವತ್ತಿಗೂ ಮನುಷ್ಯನ ಕೈಯೇ.

ಆ ಮುಚ್ಚಳದ ವಿಷಯಕ್ಕೆ ಬರುತ್ತೇನೆ.

ಒಂದು ಬೇಸಗೆಯಲ್ಲಿ ನಮ್ಮ ವಿಮಾನಕ್ಕೆ ನೆಲದೊಳಗಿನ ನೀರು ಹುಡುಕುವ ಸರ್ವೆ ಕೆಲಸ ಬಂತು. ಬಾಲಕ್ಕೆ ಉದ್ದನೆಯ ಕೊಳವೆ ಸಿಕ್ಕಿಸಿ, ಒಳಗೆ ಯಂತ್ರಗಳನ್ನಿಟ್ಟು, ಹೊಲ ಉಳುವ ಹಾಗೆ ಸಾಲು ಸಾಲಾಗಿ ಹಾರಬೇಕು. ಪಾವಗಡ, ಮಧುಗಿರಿ, ಕೊರಟಗೆರೆ, ಶಿರಾ, ಎಲ್ಲ ನಮ್ಮ ಕಡೆಯವೇ. ಹಾರಿಸುತ್ತಿದ್ದವರು ಕ್ಯಾಪ್ಟನ್ ಅನಿತಾ. ಯಂತ್ರ ನೋಡಿಕೊಳ್ಳಲು ಒಬ್ಬ ಆಪರೇಟರ್ ಹಿಂದೆ ಕೂರುತ್ತಿದ್ದ. ಒಂದು ದಿನ ನಾನೂ ಹೋದೆ. ಪಾವಗಡದ ಸೋಲಾರ್ ಹಲಗೆಗಳು ದೂರದಿಂದ ಕೆರೆಯ ಹಾಗೆ ಹೊಳೆದವು. ಮಧುಗಿರಿ ಬೆಟ್ಟ ಪಕ್ಕದ ಕಿಟಕಿಯಲ್ಲಿ ಗೋಡೆಯ ಹಾಗೆ ಎದ್ದು ಹಿಂದೆ ಸರಿಯಿತು. ಶಿರಾದ ಮೇಲೆ ಬಂದಾಗ ನಮ್ಮ ಮನೆಯ ತಾರಸಿಯ ನೀಲಿ ಟ್ಯಾಂಕು ಕಂಡಿತು. ತಾರಸಿಯಲ್ಲಿ ಬಟ್ಟೆ ಒಣಗುತ್ತಿದ್ದವು. ಎರಡು ಉಸಿರು ತೆಗೆಯುವುದರಲ್ಲಿ ಹಿಂದೆ ಹೋಯಿತು. ಆ ಮನೆಗೆ ನಾನು ಕಾಲಿಟ್ಟು ಮೂರು ತಿಂಗಳಾಗಿತ್ತು.

ಸರ್ವೆಯ ಕೊನೆಯ ವಾರದಲ್ಲಿ ಒಂದು ಬೆಳಿಗ್ಗೆ ಎಂದಿನಂತೆ ಮೂಗಿನ ಹೊದಿಕೆ ತೆರೆದು ಆಯಿಲ್ ನೋಡುತ್ತಿದ್ದೆ. ಅಳತೆ ಕಡ್ಡಿಗೆ ಮುಚ್ಚಳ ಸೇರಿಕೊಂಡೇ ಇರುತ್ತದೆ. ಕಡ್ಡಿ ಹೊರಗೆಳೆದು, ಒರೆಸಿ, ಮಟ್ಟ ನೋಡಿ, ಮತ್ತೆ ಇಳಿಸಿ, ಮುಚ್ಚಳ ತಿರುಗಿಸಿ ಲಾಕ್ ಮಾಡಬೇಕು. ಕಡ್ಡಿ ಇಳಿಸಿದೆ. ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಶಾಹಿದಾ, ನನ್ನ ಹೆಂಡತಿ.

“ಈದ್‌ಗಾದ್ರೂ ಬರ್ತೀರಾ, ಇಲ್ಲ ಈ ಸಲಾನೂ ಇಲ್ವಾ?”

“ನೋಡ್ತೀನಿ.”

“ಹೋದ ಸಲಾನೂ ನೋಡ್ತೀನಿ ಅಂದಿದ್ರಿ.”

ಮಾತಾಡುತ್ತಾ ಎರಡು ಹೆಜ್ಜೆ ಆಚೆ ಹೋಗಿದ್ದೆ. ಮುಗಿಸಿ ಬಂದು ಹೊದಿಕೆ ಮುಚ್ಚಿ ಅದುಮಿದೆ. ಕ್ಯಾಪ್ಟನ್ ಬಂದು, “ಆಯಿಲ್ ನೋಡಿದ್ರಾ ರಶೀದ್?” ಎಂದರು. “ನೋಡಿದೆ ಮೇಡಂ” ಎಂದೆ. ಸುಳ್ಳಲ್ಲ, ನೋಡಿದ್ದೆ. ಅವರು ನನ್ನ ಮಾತು ನಂಬಿ ಹತ್ತಿದರು. ವಿಮಾನ ಹಾರಬಹುದು ಎಂದು ನಾನು ಸಹಿ ಹಾಕಿದೆ.

ಎರಡು ಗಂಟೆ ಕಳೆದ ಮೇಲೆ ಸುದ್ದಿ ಬಂತು. ಪಾವಗಡದ ಸಾಲುಗಳನ್ನು ಮುಗಿಸಿ, ಮೇಲೇರಿ ವಾಪಸು ತಿರುಗಿದ ವಿಮಾನದ ಆಯಿಲ್ ಒತ್ತಡ ಬಿದ್ದುಹೋಗಿದೆ, ಎಂಜಿನ್ ನಿಲ್ಲಿಸಬೇಕಾಗಿ ಬಂದಿದೆ. ಮದಲೂರು ಕೆರೆಯಂಗಳದಲ್ಲಿ ಇಳಿದಿದೆ. ಕ್ಯಾಪ್ಟನ್ ಮತ್ತು ಆಪರೇಟರ್ ಇಬ್ಬರೂ ಬದುಕಿದ್ದಾರೆ.

ಜೀಪಿನಲ್ಲಿ ನಾನೊಬ್ಬನೇ ಹೋದೆ. ಮೂರ್ತಿ ಸರ್ ಮರುದಿನ ಬರುವವರಿದ್ದರು. ಕೆರೆ ಪೂರಾ ಒಣಗಿತ್ತು. ಹೂಳು ಹೊರುವ ಟ್ರ್ಯಾಕ್ಟರುಗಳು ಓಡಾಡಿ ಗಟ್ಟಿಯಾದ ದಾರಿಯ ಮೇಲೆ, ಎರಡೂ ಕಡೆ ಜಾಲಿಗಿಡಗಳ ನಡುವೆ, ನಮ್ಮ ವಿಮಾನ ನಿಂತಿತ್ತು. ಮೂಗಿನ ಚಕ್ರ ಸೊಟ್ಟಗಾಗಿತ್ತು, ಅಷ್ಟೇ. ಆ ಹೆಣ್ಣುಮಗಳು ಇಳಿಸಿದ ರೀತಿ ನೋಡಿ ನನಗೆ ಮೈ ಜುಮ್ಮೆಂದಿತು. ಇಬ್ಬರನ್ನೂ ಶಿರಾ ಆಸ್ಪತ್ರೆಗೆ ತಪಾಸಣೆಗೆ ಕರೆದೊಯ್ದಿದ್ದರು. ಒಬ್ಬ ಪೊಲೀಸಿನವನು ಜನರನ್ನು ಏರಿಯ ಮೇಲೆಯೇ ತಡೆದು ನಿಲ್ಲಿಸಿದ್ದ.

ವಿಮಾನದ ಹೊಟ್ಟೆಯೆಲ್ಲ ಆಯಿಲ್. ಹೊದಿಕೆ ತೆರೆದೆ. ಕಡ್ಡಿಯ ಮುಚ್ಚಳ ತನ್ನ ಜಾಗದಲ್ಲೇ ಕೂತಿತ್ತು, ಲಾಕ್ ಆಗಿರಲಿಲ್ಲ.

ಆಗ ನಾನು ಮಾಡಿದ್ದನ್ನು ನೀವು ಹೇಗೆ ಬೇಕಾದರೂ ತಿಳಿದುಕೊಳ್ಳಿ. ನನ್ನ ಕೈ ಮುಂದೆ ಹೋಗಿ ಮುಚ್ಚಳವನ್ನು ತಿರುಗಿಸಿತು. ಟಕ್ ಎಂದು ಕೂತಿತು. ಸಾವಿರಾರು ಸಲ ಮಾಡಿದ ಕೆಲಸ, ಅಭ್ಯಾಸದಿಂದ ಆಯಿತು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅಪಘಾತವಾದ ವಿಮಾನವನ್ನು ತನಿಖೆಗೆ ಮೊದಲು ಮುಟ್ಟಬಾರದು ಎಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಸುತ್ತ ನೋಡಿದೆ. ಹತ್ತಿರ ಯಾರೂ ಇರಲಿಲ್ಲ. ಹೊದಿಕೆ ಮುಚ್ಚಿದೆ.

ಮರುದಿನ ಮೂರ್ತಿ ಸರ್ ತನಿಖೆಯವರ ಜೊತೆ ಬಂದರು. ಹೊದಿಕೆ ತೆರೆದು ಬಗ್ಗಿ ನೋಡಿದರು.

“ನೀನು ಬಂದಾಗಲೂ ಮುಚ್ಚಳ ಹೀಗೇ ಲಾಕ್ ಆಗಿತ್ತಾ?”

“ಹೌದು ಸರ್.”

ಒಂದೇ ಮಾತು. ಮುಚ್ಚಳವಲ್ಲದಿದ್ದರೆ ಸೋರಿದ್ದು ಪೈಪೇ ಇರಬೇಕು ಎಂಬಂತೆ ಅವರ ಕಣ್ಣು ಆಯಿಲ್ ಪೈಪಿನ ಕಡೆ ಹೋಯಿತು. ಹಿಂದಿನ ವಾರ ಆ ಪೈಪನ್ನು ಬದಲಾಯಿಸಿದ್ದವನು ಟೆಕ್ನೀಷಿಯನ್ ನಾಗೇಶ. ಕೊರಟಗೆರೆಯ ಕಡೆಯವನು, ನನಗಿಂತ ನಾಲ್ಕು ವರ್ಷ ಚಿಕ್ಕವನು. ಇಪ್ಪತ್ತು ವರ್ಷ ನನ್ನ ಪಕ್ಕದಲ್ಲೇ ಸ್ಪ್ಯಾನರ್ ಹಿಡಿದವನು. ಸಂಜೆಯೊಳಗೆ ನಾಗೇಶನನ್ನು ಕೆಲಸದಿಂದ ದೂರ ಇಟ್ಟಿದ್ದಾರೆಂಬ ಮಾತು ನನ್ನ ಕಿವಿಗೂ ಬಿತ್ತು.

ವಿಮಾನವನ್ನು ಕಾಯಲು ನಾನೇ ಉಳಿದೆ. ರೆಕ್ಕೆಯ ಕೆಳಗೆ ಒಂದು ಟಾರ್ಪಾಲು, ಒಂದು ಮಡಚುವ ಮಂಚ, ಕುಡಿಯುವ ನೀರಿನ ಕ್ಯಾನು. ಅಲ್ಲಿಂದ ನನ್ನ ಮನೆ ಬೈಕಿನಲ್ಲಿ ಅರ್ಧ ಗಂಟೆಯ ದಾರಿಯೂ ಇಲ್ಲ. ಆದರೂ ಹೋಗುವ ಹಾಗಿರಲಿಲ್ಲ.

ಲಿಂಗಮ್ಮ ಎಂಬ ಹೆಂಗಸು ದಿನಾ ಕೆರೆಯಂಗಳದಲ್ಲಿ ಮೇಕೆ ಮೇಯಿಸಲು ಬರುತ್ತಿದ್ದಳು. ವಿಮಾನ ಇಳಿದದ್ದನ್ನು ಕಣ್ಣಾರೆ ಕಂಡವಳು ಅವಳೊಬ್ಬಳೇ.

“ಸದ್ದೇ ಇಲ್ಲ ಕಣಪ್ಪ. ಹದ್ದು ಇಳ್ದಂಗೆ ಇಳ್ದ್‌ಬುಡ್ತು. ನಾನು ಮೇಕೆಗಳ್ನ ಬುಟ್ಟು ಓಡ್‌ಬುಟ್ಟೆ. ಆಮ್ಯಾಕೆ ನೋಡಿದ್ರೆ ಒಳಗಿಂದ ಹೆಂಗ್ಸು ಇಳೀತಾವ್ಳೆ!” ಎಂದು ನಕ್ಕಳು. ನಗು ನಿಲ್ಲಿಸಿ ಕೇಳಿದಳು: “ಯಾಕಂಗೆ ನಿಂತೋಯ್ತು ಅದು?”

“ಆಯಿಲ್ ಸೋರಿತು.”

“ಯಾರೋ ಸರ್ಯಾಗಿ ಮುಚ್ಚಿರ್ನಿಲ್ವೇನೋ,” ಎಂದಳು ಅವಳು, ಏನೂ ತಿಳಿಯದೆ, ಮೇಕೆಯ ಕಡೆ ನೋಡುತ್ತಾ. “ಇನ್ನೊಂದ್ ವಿಸ್ಯ ಕಣಪ್ಪ. ಕೆರೆಗೆ ನೀರ್ ಬುಡ್ತಾರಂತೆ. ಇನ್ನೊಂದ್ ಹತ್ತು ದಿನದಾಗೆ ಬರ್ತದಂತೆ. ಅಷ್ಟ್ರೊಳಗೆ ಎತ್ಕಂಡ್ ಹೋಗ್ಬುಡಿ.”

ಅವಳು ಹೇಳಿದ್ದು ನಿಜವಾಗಿತ್ತು. ಕಾಲುವೆಯಲ್ಲಿ ನೀರು ಬಿಡುವ ತಯಾರಿ ನಡೆದಿತ್ತು. ಅಷ್ಟರೊಳಗೆ ಎಂಜಿನ್ ಬದಲಾಯಿಸಿ ವಿಮಾನ ಹಾರಿಸಬೇಕು, ಇಲ್ಲವೇ ರೆಕ್ಕೆ ಬಿಚ್ಚಿ ಲಾರಿಗೆ ಹಾಕಬೇಕು.

ಮೂರನೆಯ ದಿನ ಮಧ್ಯಾಹ್ನ ನಾಗೇಶನ ಫೋನ್ ಬಂತು.

“ರಶೀದಣ್ಣಾ, ನನ್ ಮ್ಯಾಲೆ ಹೇಳ್ತಾವ್ರಂತೆ.”

“ಕೇಳಿದೆ.”

“ಆ ಪೈಪು ನಾನೇ ಬಿಗಿ ಮಾಡಿದ್ದು. ಸೇಫ್ಟಿ ವೈರೂ ನಾನೇ ಸುತ್ತಿದ್ದು. ಸುತ್ತಿದ್ದು ಗ್ಯಾಪ್ಕ ಐತೆ ಅಣ್ಣಾ. ಆದ್ರೂ ಎರಡ್ ದಿನದಿಂದ ಯೋಚ್ನೆ ಮಾಡ್ತಾ ಮಾಡ್ತಾ, ಸುತ್ತಿದ್ನಾ ಇಲ್ವಾ ಅಂತ ನಂಗೇ ಅನುಮಾನ ಬಂದ್ಬುಟ್ಟೈತೆ. ಅಲ್ಲೇ ಇದ್ದೀಯಲ್ಲ, ನೋಡ್ದಾ? ವೈರ್ ಐತಾ?”

ಬಿಗಿದ ನಟ್ಟು ಸಡಿಲವಾಗದಂತೆ ಸುತ್ತುವ ಆ ವೈರ್ ಇತ್ತು. ಅವನು ಯಾವತ್ತೂ ಸುತ್ತುವ ಹಾಗೆ ಅಚ್ಚುಕಟ್ಟಾಗಿ, ತುದಿ ಮಡಚಿ ಒಳಗೆ ತಿರುಗಿಸಿ ಇತ್ತು. ನಾನು ಮೊದಲ ದಿನವೇ ನೋಡಿದ್ದೆ.

“ಇದೆ ನಾಗೇಶ,” ಎಂದೆ. “ನಿನ್ನ ಪೈಪಿನಿಂದ ಅಲ್ಲ. ನಾನು ಕಡ್ಡಿಯ ಮುಚ್ಚಳ ಲಾಕ್ ಮಾಡಿರಲಿಲ್ಲ.”

“ಅಂಗಾದ್ರೆ ನಾನು ಮರ್ತಿರ್ನಿಲ್ಲ?” ಎಂದ.

“ಇಲ್ಲ.”

“ನಿಂಗೆ ಯಾವಾಗ್ ಗೊತ್ತಾಯ್ತು?”

“ಬಂದ ದಿನವೇ.”

ಅವನು ಫೋನ್ ಇಟ್ಟ.

ನಾನು ಆಗಲೇ ಮೂರ್ತಿ ಸರ್‌ಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಮರುದಿನ ಬೆಳಿಗ್ಗೆ ಬಂದರು, ಜೀಪಿನಿಂದ ಒಂದು ಬಿಳಿ ಹಾಳೆ ತೆಗೆದುಕೊಟ್ಟರು. “ಬರಿ. ಮುಚ್ಚಳ ತಿರುಗಿಸಿದ್ದೂ ಬರಿ, ನನ್ನ ಹತ್ತಿರ ಹೌದು ಅಂದಿದ್ದೂ ಬರಿ.” ಟೂಲ್ ಬಾಕ್ಸಿನ ಮೇಲೆ ಹಾಳೆ ಇಟ್ಟು ಬರೆದೆ. ಓದಿ ಮಡಚಿ ಜೇಬಿಗಿಟ್ಟುಕೊಂಡರು. “ಲಾಕ್ ಮರೆತವರನ್ನ ನಾನು ಬೇಕಾದಷ್ಟು ನೋಡಿದ್ದೀನಿ ರಶೀದ್. ನಾನೂ ಒಂದು ಸಲ ಮರೆತಿದ್ದೆ. ಆದರೆ ನನ್ನ ಮುಖ ನೋಡಿಕೊಂಡು ಹೌದು ಅಂದೆಯಲ್ಲ.” ಅಷ್ಟು ಹೇಳಿ ಬೇರೆ ಕಡೆ ನೋಡಿದರು. ಆ ದಿನದಿಂದ ನನ್ನ ಸಹಿಯ ಅಧಿಕಾರ ಹೋಯಿತು. ನಾಗೇಶನನ್ನು ಮತ್ತೆ ಕೆಲಸಕ್ಕೆ ಕರೆದರು.

ಲಾರಿಯಲ್ಲಿ ಬೇರೆ ಎಂಜಿನ್, ಮೂಗಿಗೆ ಹೊಸ ಚಕ್ರ ಬಂದವು. ಅವನ್ನು ಕೂರಿಸಿದವರು ಬೇರೆ ಎಂಜಿನಿಯರು. ನಾನು ನೆಲದಲ್ಲಿ ನಿಂತು ಕೇಳಿದ ಸಲಕರಣೆ ಕೊಡುತ್ತಿದ್ದೆ. ಸಂಜೆ ಅವರೆಲ್ಲ ಶಿರಾದ ಲಾಡ್ಜಿಗೆ ಹೋಗುತ್ತಿದ್ದರು. ನಾನು ಟಾರ್ಪಾಲಿನ ಕೆಳಗೆ ಉಳಿಯುತ್ತಿದ್ದೆ. ಯಾರೂ ಕೆಟ್ಟದಾಗಿ ಮಾತಾಡಲಿಲ್ಲ. ಊಟದ ಹೊತ್ತಿಗೆ ಮಾತ್ರ ಹೇಗೋ ಅವರು ಒಂದು ಕಡೆ, ನಾನು ಒಂದು ಕಡೆ ಕೂರುವಂತಾಗುತ್ತಿತ್ತು.

ಈದ್ ಬಂತು. ಆ ದಿನ ಕೆಲಸ ನಡೆಯಲಿಲ್ಲ. ಬೆಳಿಗ್ಗೆ ಹತ್ತರ ಹೊತ್ತಿಗೆ ಏರಿಯ ಮೇಲೆ ಒಂದು ಆಟೋ ನಿಂತಿತು. ಶಾಹಿದಾ ಇಳಿದು, ಹೊಸ ಸೀರೆಯ ಅಂಚು ಎತ್ತಿ ಹಿಡಿದು, ಬಿರುಕು ಬಿಟ್ಟ ಮಣ್ಣಿನ ಮೇಲೆ ಟಿಫನ್ ಕ್ಯಾರಿಯರ್ ಹಿಡಿದು ಬಂದಳು. ರೆಕ್ಕೆಯ ನೆರಳಿನಲ್ಲಿ ಕೂತು ಶೀರ್ ಖುರ್ಮಾ ಪಾಯಸ ಬಗ್ಗಿಸಿದಳು. ನಾನು ತಿನ್ನುತ್ತಿದ್ದಾಗ ಅವಳು ಎಂಜಿನ್ನಿನ ಕಡೆ ನೋಡಿದಳು.

“ಎಷ್ಟು ಹೊತ್ತಿಗೆ ಆಯ್ತು ಅದು? ನೀವು ಆಯಿಲ್ ನೋಡ್ತಿದ್ದದ್ದು?”

“ಬೆಳಿಗ್ಗೆ.”

“ನಾನು ಫೋನ್ ಮಾಡಿದ ಹೊತ್ತಲ್ಲೇನಾ?”

ಮುಚ್ಚಳ ಮರೆತದ್ದನ್ನು ಅವಳಿಗೆ ಹೇಳಿದ್ದೆ, ಫೋನಿನ ವಿಷಯ ಹೇಳಿರಲಿಲ್ಲ. ತಾನೇ ಲೆಕ್ಕ ಹಾಕಿಕೊಂಡಿದ್ದಳು. “ಫೋನಿನದು ತಪ್ಪಿಲ್ಲ ಶಾಹಿದಾ, ತೆಗೆದವನು ನಾನು,” ಎಂದೆ. ಅವಳು ತಲೆಯಾಡಿಸಿದಳು. ಪಾತ್ರೆ ತೊಳೆಯಲು ನನ್ನ ಕ್ಯಾನಿನ ನೀರನ್ನು ಮಿತವಾಗಿ ಬಳಸಿ, ಆಟೋ ಹತ್ತಿ ಹೋದಳು. ಅವತ್ತಿನಿಂದ ನಾನು ನಿವೃತ್ತನಾಗುವವರೆಗೆ ಅವಳು ಹಗಲು ಹೊತ್ತು ಒಂದು ಸಲವೂ ನನಗೆ ಫೋನ್ ಮಾಡಲಿಲ್ಲ. ಮಾಡು ಎಂದು ಎಷ್ಟೋ ಸಲ ಹೇಳಿದೆ. ಮಾಡಲಿಲ್ಲ. ಬೇರೆ ಬೇರೆ ಊರಿನ ಬೇಲಿಗಳ ಪಕ್ಕ ಕೂತು ಆ ಫೋನಿಗಾಗಿ ಕಾದದ್ದುಂಟು.

ಹನ್ನೊಂದನೆಯ ದಿನ ವಿಮಾನ ಸಿದ್ಧವಾಯಿತು. ಕಾಲುವೆಯ ನೀರು ಇನ್ನೆರಡು ಊರಾಚೆ ಇದೆ ಎಂದರು. ಕ್ಯಾಪ್ಟನ್ ಅನಿತಾ ಬಂದರು. ವಿಮಾನ ಕೆರೆಯಲ್ಲಿ ಇಳಿದ ಮೇಲೆ ನಾನು ಅವರ ಮುಖ ನೋಡಿದ್ದು ಅದೇ ಮೊದಲು. ಅವರೇ ಮೊದಲು ಮಾತಾಡಿದರು: “ಕೆಳಗಡೆ ಎಲ್ಲಾ ಕಡೆ ಬಂಡೆ, ರಶೀದ್. ಈ ದಾರಿ ಒಂದು ಕಂಡಿತು. ಹಿಂದೆ ಇದ್ದ ಹುಡುಗ ಅಮ್ಮಾ ಅಂತ ಕೂಗ್ತಿದ್ದ.” ಅದರಲ್ಲಿ ಕೋಪವಿರಲಿಲ್ಲ. ನಡೆದದ್ದು ನನಗೆ ಗೊತ್ತಿರಬೇಕು ಎಂಬಂತೆ ಹೇಳಿದರು. ಕ್ಷಮಿಸಿ ಮೇಡಂ ಎಂದೆ. ಅವರು ತಲೆಯಾಡಿಸಿ, ಏಣಿ ಹಾಕಿಕೊಂಡು ಹತ್ತಿ, ಹೊದಿಕೆ ತೆರೆದು, ತಮ್ಮ ಕೈಯಿಂದ ಮುಚ್ಚಳ ತಿರುಗಿಸಿ ನೋಡಿದರು. ಇಳಿದು ಕೈ ಒರೆಸಿಕೊಂಡು ಒಬ್ಬರೇ ಒಳಗೆ ಹೋದರು. ಭಾರ ಕಡಿಮೆ ಇರಬೇಕೆಂದು ಬೇರೆ ಯಾರನ್ನೂ ಹತ್ತಿಸಿಕೊಳ್ಳಲಿಲ್ಲ. ಊರಿನವರು ದಾರಿಯ ಕಲ್ಲು ಆಯ್ದು, ಜಾಲಿ ಕಡಿದು ಕೊಟ್ಟಿದ್ದರು. ವಿಮಾನ ಮಣ್ಣೆಬ್ಬಿಸುತ್ತಾ ಓಡಿ, ಏರಿಗೆ ಇನ್ನೂ ಸಾಕಷ್ಟು ಮುಂಚೆಯೇ ಎದ್ದಿತು. ಜನ ಕೂಗಿದರು. ನಾನು ಟಾರ್ಪಾಲು ಮಡಚತೊಡಗಿದೆ.

ಏಳು ತಿಂಗಳಾದ ಮೇಲೆ ನನ್ನ ಸಹಿ ವಾಪಸು ಬಂತು. ಕೆಲಸದ ಜಾಗಕ್ಕೆ ಫೋನ್ ತರಬಾರದೆಂಬ ನಿಯಮ ಬಂತು. ಮುಚ್ಚಳ ಹಾಕಿದವನೊಬ್ಬ, ನೋಡಿದವನೊಬ್ಬ, ಹೀಗೆ ಎರಡು ಸಹಿ ಇರಬೇಕೆಂದಾಯಿತು. ಮೂರ್ತಿ ಸರ್ ನಿವೃತ್ತರಾಗುವಾಗ ನನ್ನ ಕೈ ಕುಲುಕಿದರು. ನಾಗೇಶ ಮಾತ್ರ ಬದಲಾದ. ಜಗಳವಾಡಲಿಲ್ಲ, ಕೆಲಸ ಬಿಡಲಿಲ್ಲ. ನನ್ನ ಪಕ್ಕದಲ್ಲೇ ಮೊದಲಿನಂತೆ ಕೆಲಸ ಮಾಡಿದ. ಆದರೆ ಅಣ್ಣ ಎನ್ನುವುದನ್ನು ಬಿಟ್ಟು ಸರ್ ಎನ್ನತೊಡಗಿದ. ತಾನು ಸುತ್ತಿದ ವೈರನ್ನು ಹೋಗಿ ನೋಡುವನು, ಕೈ ತೊಳೆದು ಬಂದು ಮತ್ತೆ ನೋಡುವನು. ಕೊನೆಗೆ ನನಗಿಂತ ಮೊದಲೇ ಕೆಲಸ ಬಿಟ್ಟು ಊರು ಸೇರಿದ.

ಹೋದ ತಿಂಗಳು ಕೊರಟಗೆರೆಗೆ ಹೋಗಿ ಅವನನ್ನು ನೋಡಿದೆ. ಹೇಳದೆ ಹೋಗಿದ್ದೆ. ಅವನ ಹೆಂಡತಿ ಕಾಫಿ ಕೊಟ್ಟರು. ಮೊಮ್ಮಗಳ ಶಾಲೆ, ಬೋರ್‌ವೆಲ್ಲು, ಮಂಡಿ ನೋವು, ಎಲ್ಲ ಮಾತಾಡಿದೆವು. ಬಸ್‌ಸ್ಟಾಪಿನವರೆಗೂ ಜೊತೆಗೆ ಬಂದ. ಬಸ್ಸು ತಡವಾಯಿತು. ಕೊನೆಗೆ ನಾನೇ ಕೇಳಿದೆ.

“ನಾಗೇಶ, ನನ್ನ ಮೇಲೆ ಇನ್ನೂ ಕೋಪ ಇದೆಯಾ?”

“ಕೋಪ ಏನೈತೆ ಸರ್. ತಪ್ಪು ಎಲ್ರಿಗೂ ಆಯ್ತದೆ.” ರಸ್ತೆಯ ಕಡೆ ನೋಡುತ್ತಾ ನಿಂತಿದ್ದ. “ಆ ಎರಡ್ ದಿನ ನಾನು ನನ್ ಕೈನ ನಂಬ್ನಿಲ್ಲ. ನೀವು ಹೇಳಿದ್‌ಮ್ಯಾಲೆ ಸರಿ ಹೋಯ್ತದೆ ಅನ್ಕಂಡೆ. ಹೋಗ್ನಿಲ್ಲ. ಈಗ್ಲೂ ಗೇಟ್ ಹಾಕಿದ್‌ಮ್ಯಾಲೆ ವಾಪಸ್ ಹೋಗಿ ನೋಡ್ತೀನಿ. ಅಷ್ಟೇಯ.”

ಬಸ್ಸು ಬಂತು. ಅವನು ನನ್ನ ಚೀಲ ತೆಗೆದುಕೊಂಡು ಒಳಗಿಟ್ಟು, “ಹುಷಾರು ಸರ್” ಎಂದು ಇಳಿದ. ಮಧುಗಿರಿಯವರೆಗೂ ನನ್ನ ಪಕ್ಕದ ಸೀಟು ಖಾಲಿಯೇ ಇತ್ತು.